ಟೇಪಪ್ಪನಿಗೆ ದನಿ ಕೊಟ್ಟವರು

ನಾನು ನಿಂತಿದ್ದು ಏಣಿಯ ಬುಡದಿಂದ ಐದು ಹೆಜ್ಜೆ ಈಚೆಗೆ, ಕೊಟ್ಟಿಗೆಯ ಬಾಗಿಲಲ್ಲಿ. ಒಂದು ಕಾಲು ಹೊಸಿಲಿನ ಒಳಗೆ, ಇನ್ನೊಂದು ಹೊರಗೆ. ಜೂನ್ ತಿಂಗಳು, ಸ್ಕೂಲು ಶುರುವಾಗಿ ಮೂರನೇ ವಾರ, ಮಂಗಳವಾರ. ಹತ್ತೂಮುಕ್ಕಾಲಿಗೆ ಮಾಯಸಂದ್ರಕ್ಕೆ ಹೋಗುವ ಬಸ್ಸು ಆಗಷ್ಟೇ ಹೋಗಿತ್ತು. ಎಪ್ಪತ್ತರ ದಶಕದ ಕೊನೆ. ಯಾವ ವರ್ಷವೆಂದು ಮಾತ್ರ ಈಗ ಖಚಿತವಾಗಿ ಹೇಳಲಾರೆ...

ಇದೆಲ್ಲ ಮತ್ತೆ ನೆನಪಾದದ್ದು ಮೊಮ್ಮಗಳ ಫೋನಿನಿಂದ. ಅವಳಿಗೆ ಜಪಾನಿನ ಕಾರ್ಟೂನುಗಳ ಹುಚ್ಚು. ಅದಕ್ಕೆ ಅನಿಮೆ ಅನ್ನಬೇಕಂತೆ. ಅವಳಿಗೆ ಚಿತ್ರಕ್ಕಿಂತ ದನಿ ಕೊಡುವವರ ಮೇಲೆ ಪ್ರೀತಿ ಹೆಚ್ಚು. ಬೀರುವಿನ ಬಾಗಿಲ ಒಳಗೆ ಅವರ ಫೋಟೋ ಅಂಟಿಸಿಕೊಂಡಿದ್ದಾಳೆ. ಕಳೆದ ಭಾನುವಾರ ಫೋನನ್ನು ನನ್ನ ಕಿವಿಯ ಹತ್ತಿರ ತಂದಳು. ನೀಲಿ ಲಂಗ, ಬಿಳಿ ಅಂಗಿಯ ಸ್ಕೂಲು ಹುಡುಗಿಯೊಬ್ಬಳು ಏನೋ ಹೇಳುತ್ತಿದ್ದಳು. ಅವಳ ಹಿಂದೆಯೇ ಒಬ್ಬ ಮುದುಕ ಗೊಣಗಿದ.

"ತಾತ, ಇಬ್ಬರಿಗೂ ಒಬ್ರೇ ದನಿ ಕೊಡೋದು. ಗೊತ್ತಾಯ್ತಾ?"

ಗೊತ್ತಾಗಿತ್ತು. ನಿದ್ದೆ ಬರ್ತಿದೆ ಮಗಳೇ, ಆಮೇಲೆ ನೋಡೋಣ ಎಂದು ಸುಳ್ಳು ಹೇಳಿ ಎದ್ದುಬಿಟ್ಟೆ.

ನಾನಾಗ ಇಪ್ಪತ್ತಮೂರರ ಮೇಷ್ಟ್ರು. ಮಾಯಸಂದ್ರದಿಂದ ಮೂರು ಮೈಲಿ ದೂರದ ಹಳ್ಳಿಯ ಪ್ರೈಮರಿ ಸ್ಕೂಲು, ನನ್ನ ಮೊದಲನೇ ಕೆಲಸ. ಊರಿಗೆ ಒಬ್ಬರೇ ಟೈಲರ್. ಹುಡುಗರ ಖಾಕಿ ಚಡ್ಡಿ, ಹುಡುಗಿಯರ ನೀಲಿ ಲಂಗ, ಎಲ್ಲರ ಬಿಳಿ ಅಂಗಿ, ಎಲ್ಲವನ್ನೂ ಅವರೇ ಹೊಲಿಯಬೇಕು. ತೆಳ್ಳಗಿನ ಮನುಷ್ಯ, ವಯಸ್ಸು ನಲವತ್ತರ ಮೇಲೆ. ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವರಲ್ಲ. ಆದರೂ ಮಕ್ಕಳು ಅಳತೆ ಕೊಡಲು ಓಡುತ್ತಿದ್ದರು.

ಅದಕ್ಕೆ ಕಾರಣ ಆ ದನಿಗಳು. ಅಳತೆಗೆ ನಿಂತ ಮಗು ಒಂದು ಕ್ಷಣ ಸುಮ್ಮನಿರುವುದಿಲ್ಲವಲ್ಲ, ಅದಕ್ಕೆ ಅವರು ಅಂಗಡಿಯ ಸಾಮಾನುಗಳಿಗೆಲ್ಲ ಮಾತು ಕಲಿಸಿದ್ದರು. ಕತ್ತರಿ ಹಲ್ಲಿಲ್ಲದ ಅಜ್ಜಿ. ಮೆಷಿನ್ನು ಊಟ ಮಾಡಿ ತೂಕಡಿಸುವ ದಪ್ಪ ಗೌಡ. ಟೇಪು ತಾಲ್ಲೂಕು ಆಫೀಸಿನ ಗುಮಾಸ್ತನ ಹಾಗೆ ಮೂಗಿನಲ್ಲಿ ಮಾತಾಡುವ, ಬಲು ಜಂಬದ ಟೇಪಪ್ಪ. ಟೇಪಪ್ಪ ಮಾತಾಡುವಾಗ ಮಕ್ಕಳು ಕಂಬದಂತೆ ನಿಲ್ಲಬೇಕು, ಬಾಯಿ ಬಿಡಬಾರದು, ಹೌದು ಅನ್ನುವುದಕ್ಕೆ ಕಣ್ಣು ಮುಚ್ಚಿ ತೆಗೆಯಬೇಕು. ಇಲ್ಲದಿದ್ದರೆ ಟೇಪಪ್ಪನಿಗೆ ಲೆಕ್ಕ ತಪ್ಪಿ ಲಂಗ ಮೊಣಕಾಲಿಗೇ ನಿಲ್ಲುತ್ತದೆ. ನನ್ನ ಕ್ಲಾಸಿನಲ್ಲಿ ಯಾರ ದನಿ ಹೆಚ್ಚು ಎಂದು ದಿನವೂ ಜಗಳ.

"ಕತ್ರಿ ಅಜ್ಜಿನೇ ಚೆಂದ ಕಣ್ಲಾ."

"ಹೋಗ್ಲಾ, ಟೇಪಪ್ಪನ ಮುಂದೆ ನಿಂತ್ರೆ ಚಡ್ಡೀಲೇ ಉಚ್ಚೆ ಹೊಯ್ಕೋತೀಯ."

ಎರಡನೇ ಕ್ಲಾಸಿನ ಒಂದು ಹುಡುಗಿ ಟೇಪಪ್ಪನ ಕಡೆಯವಳು. ಬಾಯಿ ಬಿಟ್ಟು ಹೇಳಿದವಳಲ್ಲ. ಅವನ ಹೆಸರು ಬಂದಾಗ ನಗುತ್ತಿದ್ದಳು, ಅಷ್ಟೇ. ತಂದೆತಾಯಿ ಇಲ್ಲದೆ ಅಜ್ಜಿ ತಾತನ ಮನೆಯಲ್ಲಿ ಬೆಳೆಯುತ್ತಿದ್ದ ಮಗು.

ಆ ವರ್ಷ ಸ್ಕೂಲು ತಪಾಸಣೆಗೆ ಇನ್‌ಸ್ಪೆಕ್ಟರ್ ಬರುತ್ತಾರೆಂದು ಹೆಡ್‌ಮಾಸ್ಟರು ಯೂನಿಫಾರಂ ಕಡ್ಡಾಯ ಮಾಡಿದ್ದರು. ಅವಳ ಬಟ್ಟೆ ಟೈಲರ್ ಹತ್ತಿರ ಹೋಗಿ ಹದಿನೈದು ದಿನವಾಗಿತ್ತು. ಪ್ರತಿ ಸಲವೂ ನಾಳೆ ಬಾ ಎಂಬ ಮಾತು. ಸೋಮವಾರ ಅವಳು ಹಳೇ ಹಸಿರು ಫ್ರಾಕಿನಲ್ಲೇ ಬಂದಳು. ನಾನು ಎಲ್ಲರ ಮುಂದೆ ನಿಲ್ಲಿಸಿ, "ನಾಳೆ ಯೂನಿಫಾರಂ ಇಲ್ದೆ ಬಂದ್ರೆ ಇನ್‌ಸ್ಪೆಕ್ಟರಿಗೆ ಹಿಡಿದು ಕೊಡ್ತೀನಿ" ಅಂದೆ. ಮಕ್ಕಳು ನಕ್ಕರು. ನಾನೂ ನಕ್ಕೆ. ಅವಳು ನಗಲಿಲ್ಲ. ಅದನ್ನು ನೋಡಿದೆ, ನೋಡಿ ಪಾಠ ಮುಂದುವರಿಸಿದೆ.

ಮಾರನೇ ದಿನ ಹತ್ತು ದಾಟಿದ ಮೇಲೆ ಅವಳ ಅಜ್ಜಿ ಸ್ಕೂಲಿನ ಬಾಗಿಲಿಗೆ ಬಂದರು. "ಮಗ ಬಂತಾ ಮೇಷ್ಟ್ರೇ? ಬೆಳಿಗ್ಗೆಯಿಂದ ಕಾಣೆ." ನಾನು ಅವರ ಜೊತೆ ಹೊರಟೆ. ದಾರಿಯಲ್ಲಿ ಟೈಲರ್ ಅಂಗಡಿ. ವಿಷಯ ಕೇಳಿದ್ದೇ ಅವರು ಮೆಷಿನ್ನಿನಿಂದ ಎದ್ದರು. ಅಂಚು ಮಡಿಸದ ನೀಲಿ ಲಂಗ ಮೆಷಿನ್ನಿನ ಮೇಲೇ ಇತ್ತು, ಅವಳದೇ. ಟೇಪು ಕೊರಳಲ್ಲಿತ್ತು. ಚಪ್ಪಲಿ ಹಾಕಿಕೊಳ್ಳದೆ ಬಂದರು.

ಆ ಮನೆಯ ಕೊಟ್ಟಿಗೆಯ ಮೇಲೆ ಅಟ್ಟ. ನಮ್ಮ ಕಡೆ ಎಲ್ಲರೂ ಮಾಡುವ ಹಾಗೆ, ತೆಂಗಿನಕಾಯಿ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗಲಿ ಎಂದು ವರ್ಷಗಟ್ಟಲೆ ಅಲ್ಲಿ ಬಿಡುತ್ತಾರೆ. ರೇಟು ಏರಲಿ ಎಂದು ಅವಳ ತಾತ ಹೋದ ವರ್ಷದ ಕಾಯಿ ಇಳಿಸಿರಲಿಲ್ಲ. ಈ ವರ್ಷದ್ದನ್ನೂ ಅದರ ಮೇಲೇ ಸುರಿಸಿದ್ದರು. ಊರಿನಲ್ಲಿ ನಾಲ್ಕಾರು ಮನೆಯವರು ಆ ತಪ್ಪು ಮಾಡಿದ್ದರು. ಆವತ್ತು ತಾತ ತಿಪಟೂರಿಗೆ ಹೋಗಿದ್ದರು, ದನಗಳು ಮೇಯಲು ಹೋಗಿದ್ದವು.

ನಾವು ಕೊಟ್ಟಿಗೆಗೆ ಬಂದಾಗ ಮೇಲೆ ಒಂದು ಕಾಯಿ ಉರುಳಿತು. ಅಜ್ಜಿ ತಲೆಯೆತ್ತಿ, "ಅಯ್ಯೋ ನನ್ ಕಂದ, ಅಲ್ಲಿ ಸೇರ್ಕೊಂಡಿದೀಯಾ? ಇಳೀಲೇ ಕೆಳಕ್ಕೆ!" ಎಂದು ಕೂಗಿದರು. ಮಗು ಗಾಬರಿಯಾಗಿ ಎದ್ದಿರಬೇಕು. ಆಗ ತೊಲೆ ಸದ್ದು ಮಾಡಿತು. ದೊಡ್ಡ ಸದ್ದಲ್ಲ. ಕಬ್ಬಿನ ಜಲ್ಲೆ ಮುರಿದಷ್ಟು. ಹೊಗೆಗೆ ಕಪ್ಪಾಗಿದ್ದ ನಡುತೊಲೆಯಲ್ಲಿ ಬೆರಳಗಲದ ಬಿಳಿ ಸೀಳು ಕಂಡಿತು. ಅಟ್ಟದ ಅಡಿಕೆ ದಬ್ಬೆಗಳ ಸಂದಿಯಿಂದ ಮಣ್ಣು ಉದುರಿತು.

ಏಣಿ ಇದ್ದದ್ದು ಈ ತುದಿಯಲ್ಲಿ. ಅವಳು ಆ ತುದಿಯ ಗೋಡೆಗೆ ಒರಗಿದ್ದಳು. ನಡುವೆ ಎರಡು ವರ್ಷದ ಕಾಯಿ. ದಬ್ಬೆಗಳ ಸಂದಿಯಲ್ಲಿ ಅವಳ ಎರಡು ಅಂಗಾಲು ನನಗೆ ಕಾಣುತ್ತಿದ್ದವು. ಅವು ಅಲ್ಲಾಡಿದರೆ ಕಾಯಿ ಜಾರುತ್ತಿದ್ದವು, ಕಾಯಿ ಜಾರಿದರೆ ಸೀಳು ಉದ್ದವಾಗುತ್ತಿತ್ತು.

ಪಕ್ಕದ ತೋಟದಲ್ಲಿ ಕಾಯಿ ಕೀಳುತ್ತಿದ್ದ ಅಣ್ಣತಮ್ಮಂದಿರಿಬ್ಬರು ಅಜ್ಜಿಯ ಕೂಗಿಗೆ ಓಡಿ ಬಂದರು. ಅಣ್ಣ ಒಂದೇ ನೋಟಕ್ಕೆ ಹೇಳಿದ: "ಅತ್ಲಾಗೆ ಹೋಗಕ್ಕಾಗಲ್ಲ. ಸೂರು ಹತ್ತಿ ಹೆಂಚು ತೆಗ್ದು ಎತ್ಕೋತೀವಿ. ಮಗ ಅಲ್ಲಾಡದಂಗೆ ನೋಡ್ಕಳಿ." ಇಬ್ಬರೂ ಮಚ್ಚು ಸಿಕ್ಕಿಸಿಕೊಂಡು ಸೂರು ಏರಿದರು. ಗೋಡೆಗೆ ಒಂದು ಗಟ್ಟಿ ಮರದ ಕೋಲು ಒರಗಿಸಿತ್ತು. ಅದನ್ನು ತೊಲೆಗೆ ಆಸರೆಯಾಗಿ ಕೊಡಬಹುದಿತ್ತು. ಕೊಡಬೇಕಾದರೆ ಅಟ್ಟದ ಕೆಳಗೆ ಹೋಗಬೇಕು. ನಾನು ಹೋಗಲಿಲ್ಲ. ಅದನ್ನೂ ಬರೆಯಬೇಕು.

ಹೆಂಚು ಸರಿಸಿದಾಗ ಧೂಳು ಸುರಿಯಿತು. ಮಗು ಕಿರುಚಿತು. "ಅಲ್ಲೇ ಇರು, ಬರಬೇಡ" ಎಂದು ಕೂಗಿದೆ. ನನ್ನ ದನಿ ಕೇಳಿದ್ದೇ ಆ ಅಂಗಾಲುಗಳು ಹಿಂದಕ್ಕೆ ಸರಿದವು... ತೊಲೆ ಮತ್ತೆ ಸದ್ದು ಮಾಡಿತು. ಆಮೇಲೆ ನಾನು ಬಾಯಿ ತೆರೆಯಲಿಲ್ಲ.

ಟೈಲರ್ ಏಣಿ ಹತ್ತಿದರು. ನಾಲ್ಕು ಮೆಟ್ಟಿಲು. ತಲೆ ಅಟ್ಟದ ಮಟ್ಟಕ್ಕೆ ಬಂದಿತ್ತು. ಕಾಯಿ ಜಾರಿದರೆ ಮೊದಲು ಬೀಳುವುದೇ ಅವರ ಮೇಲೆ. ಅವರ ಮೀನಖಂಡ ನಡುಗುತ್ತಿತ್ತು, ಏಣಿಯೂ ಅದರ ಜೊತೆ ನಡುಗುತ್ತಿತ್ತು. ಆಮೇಲೆ ಮೂಗಿನಿಂದ ಆ ಜಂಬದ ದನಿ ಬಂತು.

"ಯಾರಮ್ಮಾ ಅದು, ನನ್ನ ಕೇಳದೆ ಅಲ್ಲಾಡೋದು? ಅಳತೆ ತಗೋಳೋದು ಬ್ಯಾಡ್ವಾ?"

ಅಳು ನಿಂತಿತು.

"ಹಾಂ. ಟೇಪಪ್ಪ ಬಂದವ್ನೆ. ನೆಟ್ಟಗೆ ನಿಂತ್ಕಳಮ್ಮ. ಮೇಲೆ ಇಲಿ ಓಡಾಡ್ತವೆ, ನೋಡಬ್ಯಾಡ. ಮೊದಲು ಉದ್ದ. ಉಸಿರು ಹಿಡಿ... ಇಪ್ಪತ್ತೆರಡು. ಬರ್ಕಳಪ್ಪ ಟೈಲರ್ರೇ! ಏನ್ರೀ ನಿಮ್ ಕೈ ಬರಹ, ಕೋಳಿ ಕೆದರಿದಂಗೆ!"

ಮೇಲೆ ಮಚ್ಚಿನಿಂದ ಹೆಂಚಿನಡಿಯ ರೀಪು ಕಡಿಯುತ್ತಿದ್ದರು. ಪ್ರತಿ ಏಟಿಗೂ ಟೇಪಪ್ಪ ಇನ್ನೊಂದು ಅಳತೆ ಕೇಳಿದ. ಸೊಂಟ. ಭುಜ. ಕೊರಳು. ಕೊರಳನ್ನು ಎರಡು ಸಲ ಕೇಳಿ, ಟೈಲರ್ ತಪ್ಪು ಬರೆದರೆಂದು ಬೈದ. ಆ ಅಂಗಾಲುಗಳು ಕಲ್ಲಿನಲ್ಲಿ ಕಡೆದಂತೆ ನಿಂತಿದ್ದವು. ಹತ್ತು ನಿಮಿಷವೋ ಹದಿನೈದೋ... ಸೀಳು ತೊಲೆಯ ಅರ್ಧಕ್ಕೆ ಬಂದಿತ್ತು. ಬಂದದ್ದನ್ನು ನಾನು ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು. ದನಿ ಮಾತ್ರ ಒಂದು ಸಲವೂ ಅದುರಲಿಲ್ಲ.

ಸೂರಿನಲ್ಲಿ ಬೆಳಕು ಬಿತ್ತು. ಅಣ್ಣ ಹೊಟ್ಟೆ ಊರಿ ಮಲಗಿ ಒಳಗೆ ಕೈ ಚಾಚಿದ್ದ, ತಮ್ಮ ಅವನ ಕಾಲು ಹಿಡಿದಿದ್ದ. "ಕೈ ಸಿಕ್ತಿಲ್ಲ ಕಣ್ಲಾ" ಅಂದದ್ದು ಕೇಳಿಸಿತು.

"ಕೊನೇದು ತೋಳು," ಅಂದ ಟೇಪಪ್ಪ. "ಎರಡೂ ಕೈ ಮೇಲಕ್ಕೆ ಎತ್ತಮ್ಮ. ಇನ್ನೂ ಮೇಲೆ. ಹೆಬ್ಬೆರಳಲ್ಲಿ ನಿಂತ್ಕೊ. ಹಾಂ..."

ಅಂಗಾಲುಗಳು ಮೇಲಕ್ಕೆ ಹೋದವು. ದಬ್ಬೆಗಳ ಸಂದಿ ಖಾಲಿಯಾಯಿತು. ಆ ಖಾಲಿ ಸಂದಿಯನ್ನು ನಾನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ, ಬಹುಶಃ ಒಂದು ಕ್ಷಣ. ಆಮೇಲೆ ಅಟ್ಟ ಬಿತ್ತು.

ಟೈಲರ್ ಬದುಕಿದರು. ಬಲಗಾಲು ಎರಡು ಕಡೆ ಮುರಿದಿತ್ತು. ತುರುವೇಕೆರೆ ಆಸ್ಪತ್ರೆಯಿಂದ ತಿಂಗಳ ಮೇಲೆ ಬಂದು, ಅಂಚು ಮಡಿಸಿ ಆ ಲಂಗವನ್ನು ಮೊದಲು ಕೊಟ್ಟರು. ಮುಂದಿನ ವರ್ಷ ಮಕ್ಕಳು ಅಳತೆಗೆ ಹೋಗಿ ನಿಂತರು, ಕಾದರು. ಅವರು ಟೇಪು ಹಿಡಿದು, ಬರೆದು, ಕಳಿಸಿದರು. ಕತ್ತರಿಯೂ ಮಾತಾಡಲಿಲ್ಲ. "ಟೇಪಪ್ಪ ಎಲ್ಲಿ?" ಎಂದು ಕೇಳಿದ ಒಂದು ಮಗುವಿಗೆ ಅವರ ಹೆಂಡತಿ ಬೆಲ್ಲ ಕೊಟ್ಟರಂತೆ.

ನನಗೆ ವರ್ಗವಾದಾಗ ಹೇಳಿ ಬರಲು ಹೋಗಿದ್ದೆ. ಟೇಪಪ್ಪನನ್ನು ಯಾಕೆ ಬಿಟ್ಟಿರಿ ಎಂದು ಕೇಳಿದೆ. ದಾರವನ್ನು ಬೆರಳಿಗೆ ಸುತ್ತುತ್ತಾ ಹೇಳಿದರು.

"ಆವತ್ತು ನಂಗೆ ಕೈಕಾಲು ಬಿದ್ದೋಗಿತ್ತು ಮೇಷ್ಟ್ರೇ. ಇಳಿದು ಓಡಬೇಕು ಅನ್ನಿಸ್ತಿತ್ತು. ಅವನಿಗೆ ಮಾತ್ರ ಏನೂ ಆಗಿರ್ಲಿಲ್ಲ, ಜೋಕು ಹೊಡೀತಿದ್ದ. ನನ್ನೊಳಗೇ ಇದ್ಕಂಡು, ನಂಗಿರೋ ಭಯ ಅವನಿಗಿಲ್ಲ ಅಂದ್ರೆ... ಅವನು ಯಾರು? ಕರೆಯಕ್ಕೆ ಹೆದರಿಕೆ. ಬುಡಿ."

ನಾನು ಬಿಟ್ಟೆ. ನಾನು ಸೋಮವಾರ ಆಡಿದ ಮಾತನ್ನು ಅವರಿಗೆ ಹೇಳಬೇಕೆಂದೇ ಹೋಗಿದ್ದೆ, ಹೇಳದೆ ಬಂದೆ. ಲಂಗ ತಡವಾಗಿದ್ದಕ್ಕೇ ಮಗು ಅಟ್ಟ ಸೇರಿತು ಎಂದು ಅವರು ಕೊನೆಯವರೆಗೂ ನಂಬಿದ್ದರು. ಅವರು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ಇನ್ನು ಅದನ್ನು ಅವರಿಗೆ ಹೇಳುವ ದಾರಿ ಇಲ್ಲ.

ಅಜ್ಜಿ ಇಲ್ಲ. ಕೈ ಚಾಚಿದ ಅಣ್ಣ ಇಲ್ಲ. ಅಂದು ಅಲ್ಲಿದ್ದವರಲ್ಲಿ ಬದುಕಿರುವುದು ಮೂವರು. ಕಾಲು ಹಿಡಿದಿದ್ದ ತಮ್ಮ ದಬ್ಬೇಘಟ್ಟದಲ್ಲಿದ್ದಾನೆ, ಕಿವಿ ಮಂದವಾಗಿದೆ. ನಾನು ಇಲ್ಲಿದ್ದೇನೆ. ಆ ಮಗು ದಂಡಿನಶಿವರದಲ್ಲಿದೆ, ಈಗ ಅವಳಿಗೂ ಮೊಮ್ಮಕ್ಕಳಿದ್ದಾರೆ. ಎಲ್ಲಾದರೂ ಸಿಕ್ಕರೆ, "ಚೆನ್ನಾಗಿದೀರಾ ಮೇಷ್ಟ್ರೇ?" ಎಂದು ಕೇಳುತ್ತಾಳೆ. ಕೇಳುವಾಗ ಈಗಲೂ ಅರ್ಧ ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ.