ಬಸವಣ್ಣೆವ್ವ ಬಿಟ್ಟ ಬೆಲ್ಲ

ಮುಂಬಯಿ ಹತ್ತಿರದ ಡೊಂಬಿವಲಿ ಪೂರ್ವದ ಬಸವಣ್ಣೆವ್ವನ ಜೊತೆ ಚೌಕಾಸಿಗೆ ಇಳಿದು ಗೆದ್ದು ಬಂದವರನ್ನು ನಾನು ಕಂಡಿಲ್ಲ. ಉಲ್ಹಾಸನಗರದಲ್ಲಿ ಸಿದ್ಧ ಉಡುಪಿನ ಅಂಗಡಿ ಇಟ್ಟು ತಲೆ ನರೆಸಿಕೊಂಡ ನಾನೂ ಅವರ ಶೇಂಗಾ ಹೋಳಿಗೆಯನ್ನು ಅವರು ಹೇಳಿದ ದರಕ್ಕೇ ಕೊಳ್ಳುತ್ತೇನೆ. ಹೆಚ್ಚು ಮಾತಾಡಿದರೆ, "ಸಾವಕಾರ್ರ, ನಿಮ್ಮ ಅಂಗಡ್ಯಾಗ ರೊಕ್ಕಾ ಕಡಿಮಿ ಕೊಟ್ರ ಅಂಗಿ ತೋಳು ಕತ್ತರಿಸಿ ಕೊಡ್ತೀರೇನು?" ಎನ್ನುತ್ತಾರೆ.

ಅವರು ಧಾರವಾಡದ ಕಡೆಯಿಂದ ಮದುವೆಯಾಗಿ ಬಂದವರು. ಗಂಡ ರಾಯಪ್ಪ ನಮ್ಮ ಬಜಾರಿನಲ್ಲಿ ಹೊಲಿಗೆ ಮಷಿನ್ ರಿಪೇರಿ ಮಾಡುವವನು, ನನ್ನ ಹಳೆಯ ಗೆಳೆಯ. ಒಬ್ಬಳೇ ಮಗಳು ಐಶ್ವರ್ಯಾ ನೆರೂಳದಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಹತ್ತಿರದ ಒಂದು ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶಗಳು ಏನನ್ನು ತಿಂದು ಬೆಳೆಯುತ್ತವೆ ಎಂದು ಹುಡುಕುತ್ತಾಳೆ. ಮಗಳ ಕೆಲಸವೇನೆಂದು ಕೇಳಿದವರಿಗೆ ಬಸವಣ್ಣೆವ್ವ, "ಅಕಿನೂ ಅಡಗಿಮನೀನ ನೋಡ್ಕೋತಾಳ, ಆದ್ರ ಬ್ಯಾರೇದವರ ಗಡ್ಡೀದು" ಎಂದು ಹೇಳುತ್ತಿದ್ದರು. ಅದು ತಮ್ಮ ಮನೆಯ ಮಾತಾಗುತ್ತದೆಂದು ಯಾರು ಕಂಡಿದ್ದರು?

ಹೋಳಿಗೆಯಲ್ಲಿ ಅವರ ಗುಟ್ಟು ಒಂದೇ. ಹುರಿದ ಶೇಂಗಾ ಪುಡಿಗೆ ಬೆಲ್ಲ ಸೇರಿಸಿ ಹೂರಣ ಮಾಡಿದ ಮೇಲೆ ಒಂದು ಚಿಟಿಕೆಯನ್ನು ನಾಲಿಗೆಯ ಮೇಲಿಟ್ಟು ಕಣ್ಣು ಮುಚ್ಚುತ್ತಾರೆ. ತೂಕದ ಕಲ್ಲಿಲ್ಲ, ಅಳತೆಯ ಬಟ್ಟಲಿಲ್ಲ. ಬೇರೆ ಯಾರಿಗೂ ಆ ಚಿಟಿಕೆ ಸಿಗುವುದಿಲ್ಲ.

ಹೋದ ವರ್ಷ ರಾಯಪ್ಪನ ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಬೇರಿನ ಔಷಧ ಕುಡಿಸಿದರು. ಸ್ಕ್ಯಾನ್ ಮಾಡಿಸಿದಾಗ ಮೇದೋಜೀರಕ ಗ್ರಂಥಿಯಲ್ಲಿ ಗಡ್ಡೆ ಕಂಡಿತು. ಮೊದಲು ಕೀಮೋ ಕೊಟ್ಟು ಗಡ್ಡೆ ಕುಗ್ಗಿದರೆ ಆಪರೇಷನ್ ಎಂದರು ಡಾಕ್ಟರು. ಒಂದಿಷ್ಟು ಕೀಮೋ ಆಯಿತು. ಅಷ್ಟರಲ್ಲಿ ಮನುಷ್ಯ ಇಳಿದು ಹೋದ. "ಈ ತೂಕದಲ್ಲಿ ಮುಂದಿನ ಕೀಮೋ ಕೊಡಲಾರೆ, ತಡೆಯುವುದಿಲ್ಲ. ಮೊದಲು ಉಣ್ಣಿಸಿ" ಎಂದು ಡಾಕ್ಟರು ಕಳಿಸಿಬಿಟ್ಟರು. ಕೀಮೋ ನಿಂತರೆ ಆಪರೇಷನ್ನಿನ ಬಾಗಿಲೂ ಮುಚ್ಚುತ್ತದೆ.

ಆ ಭಾನುವಾರ ಐಶ್ವರ್ಯಾ ಬಂದಳು. ನಾನೂ ಅಲ್ಲಿದ್ದೆ. ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ನೋಡಿ, "ಬೆಲ್ಲ ಎಲ್ಲಿ ಅವ್ವಾ?" ಎಂದಳು.

ಆಗ ಹೊರಬಿತ್ತು. ಕ್ಯಾನ್ಸರಿಗೆ ಸಕ್ಕರೆಯೇ ಮೇವು ಎಂದು ಯಾರೋ ಫೋನಿಗೆ ಕಳಿಸಿದ್ದನ್ನು ಓದಿದ ಬಸವಣ್ಣೆವ್ವ, ವೀರಭದ್ರ ದೇವರ ಮುಂದೆ ನಿಂತು, ಗಂಡ ಗುಣವಾಗುವ ತನಕ ಬೆಲ್ಲ ಬಿಡುವ ಹರಕೆ ಹೊತ್ತಿದ್ದರು. ಪ್ರೀತಿಯ ತಿನಿಸನ್ನು ಬಿಟ್ಟು ಬೇಡಿಕೊಳ್ಳುವುದು ನಮ್ಮ ಕಡೆಯ ಹಳೆಯ ಪದ್ಧತಿ. ಆದರೆ ಇವರು ಒಬ್ಬರೇ ಬಿಡಲಿಲ್ಲ, ಗಂಡನಿಗೂ ಬಿಡಿಸಿದರು. ಹೋಳಿಗೆ ವ್ಯಾಪಾರ ನಿಂತಿತು, ಬೆಲ್ಲದ ಡಬ್ಬಿ ಎದುರು ಮನೆಗೆ ಹೋಯಿತು. ಬರಬರುತ್ತ ಅನ್ನವೂ ಸಿಹಿಯೇ ಅಲ್ಲವೇ ಎಂಬ ಸಂಶಯ ಬಂದು ಅದೂ ಹೋಯಿತು. ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ "ಊಟ ಆಗ್ಯದ" ಎಂಬ ಉತ್ತರ. ಆಗಿತ್ತು, ಸುಳ್ಳಲ್ಲ: ಅರ್ಧ ಚಪಾತಿ, ಹಾಗಲಕಾಯಿ ರಸ. ಬಾಯಿಗೆ ಏನೂ ರುಚಿಸದ ರಾಯಪ್ಪ ಒಮ್ಮೆ ತಾನಾಗಿ ಕೇಳಿದ್ದು ಹೋಳಿಗೆಯನ್ನು ಮಾತ್ರ. ಅದನ್ನೂ ಕೊಟ್ಟಿರಲಿಲ್ಲ.

"ಅವ್ವಾ, ಐಸಾ ನಹೀ ಹೋತಾ, ಹಂಗ ಆಗೂದಿಲ್ಲ!" ಐಶ್ವರ್ಯಾ ತಲೆ ಹಿಡಿದುಕೊಂಡಳು. "ಸಕ್ಕರಿ ಬಂದ್ ಮಾಡಿದ್ರ ಕ್ಯಾನ್ಸರ್ ಬಂದ್ ಆಗೋ ಹಂಗಿದ್ರ ನಾ ಲ್ಯಾಬಿನ್ಯಾಗ ಏನ್ ಮಾಡ್ಲಿಕತ್ತೀನಿ?"

"ಅದನ್ನ ನಾನೂ ಕೇಳಬೇಕಂತಿದ್ದೆ" ಎಂದ ರಾಯಪ್ಪ ಹಾಸಿಗೆಯಿಂದ.

ಅವಳು ನಗಲಿಲ್ಲ, ಅವ್ವನನ್ನು ಕೂರಿಸಿ ವಿವರಿಸಿದಳು. ಈ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಒಂದು ಜೀನಿನ ಸ್ವಿಚ್ಚು 'ಬೆಳೆ, ಬೆಳೆ' ಎನ್ನುವ ಕಡೆಗೇ ಸಿಕ್ಕಿಕೊಂಡಿರುತ್ತದೆ. ಅದು ಕೋಶದ ಅಡುಗೆಮನೆಯನ್ನೇ ಬದಲಿಸುತ್ತದೆ. ಒಳ್ಳೆಯ ಕೋಶ ಸಕ್ಕರೆಯನ್ನು ಪೂರ್ತಿ ಉರಿಸಿ ಶಕ್ತಿ ಪಡೆಯುತ್ತದೆ. ಇದು ಗಬಗಬನೆ ಎಳೆದುಕೊಂಡು ಅರೆಬರೆ ಉರಿಸಿ, ಒಂದಷ್ಟನ್ನು ಹೊಸ ಕೋಶ ಕಟ್ಟಲು ಬಳಸುತ್ತದೆ. ಗಡ್ಡೆ ಗಟ್ಟಿ, ರಕ್ತ ಸರಿಯಾಗಿ ಹರಿಯುವುದಿಲ್ಲ. ಹಾಗಾಗಿ ಅದು ಹಸಿವಿನಲ್ಲೇ ಬದುಕಲು ಕಲಿತಿದೆ. ಸಕ್ಕರೆ ಸಾಲದಿದ್ದರೆ ಪ್ರೋಟೀನಿನ ತುಣುಕು ತಿನ್ನುತ್ತದೆ, ಸುತ್ತಲಿನದನ್ನು ನುಂಗುತ್ತದೆ, ಪಕ್ಕದ ಕೋಶಗಳಿಂದ ಪೂರೈಕೆ ಮಾಡಿಸಿಕೊಳ್ಳುತ್ತದೆ, ಕೊನೆಗೆ ತನ್ನದೇ ಹಳೆಯ ಭಾಗಗಳನ್ನು ಕರಗಿಸಿ ಬಳಸುತ್ತದೆ.

"ನಮ್ಮ ಗಲ್ಲಿಯ ವ್ಯಾಪಾರಿ ಇದ್ದಂಗ ಆತು" ಎಂದೆ. "ಮುಂದಿನ ಬಾಗಲಕ್ಕ ಮಾಲು ತಡದ್ರ ಹಿಂದಿನ ಬಾಗಲಿಂದ ತರಸ್ತಾನ. ಅದೂ ಇಲ್ಲಂದ್ರ ಬಾಜೂಕಿನವನ ಚಿಂದಿ ಆರಿಸ್ತಾನ. ಅದೂ ತೀರಿದ್ರ ತನ್ನ ಅಂಗಡಿ ಪಡದಾನ ಹರದು ಅಂಗಿ ಹೊಲಸ್ತಾನ."

"ಬರೋಬರ್ ಕಾಕಾ."

"ಹಂಗಿದ್ರ ಎಲ್ಲಾ ಬಾಗಲಾ ಒಮ್ಮೆಲೆ ಮುಚ್ಚರಿ."

"ವಹೀ ತೋ ಕಾಮ್ ಹೈ, ಅದ ನಮ್ಮ ಕೆಲಸ. ಎಷ್ಟು ಬಾಗಲಾ ಅದಾವ ಇನ್ನೂ ಪೂರಾ ಗೊತ್ತಿಲ್ಲ. ಗೊತ್ತಿದ್ದ ಬಾಗಲಾನೂ ಒಳ್ಳೇ ಸೆಲ್‌ಗೆ ಬೇಕು." ಅವಳು ಅವ್ವನ ಕಡೆ ತಿರುಗಿದಳು. "ಊಟ ಇಲ್ಲಂದ್ರ ಶರೀರ ಮಾಂಸಖಂಡ ಮುರದು ರಕ್ತಕ್ಕ ಸಕ್ಕರಿ ಮಾಡ್ತದ. ಅಪ್ಪನ ತೊಡಿ ನೋಡು. ನಾವು ಉಪವಾಸ ಕೆಡವಿದ್ದು ಗಡ್ಡೀನ ಅಲ್ಲ, ಅಪ್ಪನ್ನ."

ಬಸವಣ್ಣೆವ್ವ ನೋಡಿದರು. ರಾಯಪ್ಪನ ಪೈಜಾಮ ಕೋಲಿಗೆ ಸುತ್ತಿದ ಬಟ್ಟೆಯಂತಿತ್ತು. ಅದರ ಅಂಚನ್ನು ಎಳೆದು ಸರಿಪಡಿಸುತ್ತ ಮೆಲ್ಲಗೆ ಹೇಳಿದರು: "ದೇವರಿಗೆ ಮಾತು ಕೊಟ್ಟೀನಿ. ಮುರದ ಮ್ಯಾಲೆ ಇವರಿಗೆ ಏನರೆ ಆದ್ರ? ನಾನ ಕೊಂದಂಗಲ್ಲೇನು?"

ಇದು ಲ್ಯಾಬಿನ ಲೆಕ್ಕವಲ್ಲ, ವ್ಯಾಪಾರದ ಲೆಕ್ಕ. ನಾನೇ ಬಾಯಿ ಹಾಕಿದೆ.

"ವೈನಿ, ಮತ್ತೊಬ್ಬರ ಮಾಲು ಅವರನ್ನ ಕೇಳದ ನೀವು ಯಾವಾಗರೆ ಮಾರೀರೇನು? ರಾಯಪ್ಪನ ನಾಲಿಗಿ ಯಾರ ಮಾಲು?"

"ನಂದ!" ಎಂದ ರಾಯಪ್ಪ. "ನನ್ನ ಒಂದು ಮಾತು ಕೇಳದನ, ದೇವರ ಹಂತ್ಯಾಕ ಒತ್ತಿ ಇಟ್ಟಾಳ ನೋಡ್ರಿ."

"ನಿಮ್ಮ ಹರಕಿ ನೀವು ನಡಸ್ರಿ ವೈನಿ. ಅವನದು ಅವಗ ಕೊಡ್ರಿ."

"ಬೆಲ್ಲ ಏನೂ ದವಾ ಅಲ್ಲ ಮತ್ತ" ಎಂದು ಐಶ್ವರ್ಯಾ ನಡುವೆ ಸೇರಿಸಿದಳು. "ಅಪ್ಪನ ಗ್ರಂಥಿ ಸರಿ ಇಲ್ಲ, ಅದಕ್ಕ ಇನ್ಸುಲಿನ್ ಡಾಕ್ಟರ್ ಹೇಳಿದಂಗ ತಗೋಬೇಕು, ಊಟದ ಜೋಡಿ ಜೀರ್ಣದ ಗುಳಗಿ. ಬ್ಯಾಳಿ, ಮೊಸರು, ಶೇಂಗಾ ಎಲ್ಲಾ ಬೇಕು. ಬಾಯಿಗೆ ಹೋದ್ರ ಸಾಕಾಗ್ಯದ."

ಬಸವಣ್ಣೆವ್ವ ಎದ್ದು ಎದುರು ಮನೆಗೆ ಹೋದರು, ಡಬ್ಬಿ ಎತ್ತಿಕೊಂಡು ಬಂದರು. ಸ್ವಲ್ಪ ಹೊತ್ತಿಗೆ ಶೇಂಗಾ ಹುರಿಯುವ ವಾಸನೆ ಬಂತು. ಆಮೇಲೆ ಒಳಗೆ ಸದ್ದು ನಿಂತಿತು. ಇಣುಕಿ ನೋಡಿದರೆ ಚಿಟಿಕೆ ಹೂರಣ ಅವರ ಬೆರಳಲ್ಲಿದೆ, ಕೈ ತುಟಿಯ ಹತ್ತಿರ ಹೋಗಿ ನಿಂತಿದೆ. ತಿನ್ನುವಂತಿಲ್ಲ. ತಿನ್ನದೆ ಗೊತ್ತಾಗುವಂತಿಲ್ಲ.

ಜನ್ಮದಲ್ಲಿ ಯಾರಿಗೂ ಕೊಡದ ಆ ಚಿಟಿಕೆಯನ್ನು ಹಿಡಿದು ಅವರು ಗಂಡನ ಹಾಸಿಗೆಯ ಬಳಿ ಬಂದರು.

"ಸಾಕೇನ್ರಿ ಬೆಲ್ಲ?"

ರಾಯಪ್ಪ ಗುಳಿಗೆ ನುಂಗಿ, ಹೂರಣ ಬಾಯಿಗಿಟ್ಟು ಹೆಂಡತಿಯಂತೆಯೇ ಕಣ್ಣು ಮುಚ್ಚಿದ. "ಕಡಿಮಿ ಅನಸ್ತದ."

ಬೆರೆಸಿ ತಂದರು. "ಈಗ?"

"ಚಿಟಗಿಯೊಳಗ ಏನ್ ತಿಳೀತದ? ಉಂಡಿ ಕಟ್ಟಿ ಕೊಡು, ಹೇಳ್ತೀನಿ."

"ಕಳ್ಳ" ಎಂದು ಬೈದು ಬಸವಣ್ಣೆವ್ವ ಉಂಡೆ ಕಟ್ಟಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡದ್ದನ್ನು ನಾವು ನೋಡದಂತೆ ಕೂತೆವು.

ತೂಕ ಇಳಿಯುವುದು ನಿಧಾನವಾಗಿ ನಿಂತಿತು, ಆಮೇಲೆ ತುಸು ಏರಿತು. ಡಾಕ್ಟರು ಕೀಮೋ ಮತ್ತೆ ಹಚ್ಚಿದ್ದಾರೆ. ಗಡ್ಡೆ ಕುಗ್ಗುವುದೋ ಇಲ್ಲವೋ ಮುಂದಿನ ಸ್ಕ್ಯಾನಿಗೆ ಗೊತ್ತಾಗಬೇಕು. ಐಶ್ವರ್ಯಾಳಿಗೂ ಗೊತ್ತಿಲ್ಲ, ವೀರಭದ್ರನೂ ಬಾಯಿ ಬಿಟ್ಟಿಲ್ಲ. ಬಸವಣ್ಣೆವ್ವ ಇವತ್ತಿಗೂ ಬೆಲ್ಲ ಮುಟ್ಟಿಲ್ಲ. ಹೋಳಿಗೆ ವ್ಯಾಪಾರ ಮತ್ತೆ ನಡೆದಿದೆ, ರಾಯಪ್ಪನ ನಾಲಿಗೆಯ ಮೇಲೆ. ಸಿಹಿ ಮೊದಲಿಗಿಂತ ಒಂದು ಕೈ ಹೆಚ್ಚು. ನನಗೆ ತಿಳಿದಿದೆ, ಆದರೂ ದರದ ಹಾಗೆಯೇ ಇದನ್ನೂ ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡಿದ್ದೇನೆ.