ಹವಳ ತೊಳೆದ ನಿಂಗಮ್ಮ

ಗೆಳೆಯರೇ, ಮದ್ದೂರಿನ ನನ್ನ ಚಿನ್ನದಂಗಡಿಗೆ ಇವತ್ತು ನಿಡಘಟ್ಟದ ನಿಂಗಮ್ಮ ಬಂದವರೇ ಮಗಳ ಹವಳದುಂಗುರವನ್ನು ಮೇಜಿನ ಮೇಲೆ ಕುಕ್ಕಿದರು. ಕುಜದೋಷ ಕಳೆದು ಹುಡುಗಿಗೆ ಮದುವೆಯಾಗಲೆಂದು ಹೋದ ತಿಂಗಳು ನಾನೇ ಮಾಡಿಕೊಟ್ಟದ್ದು. ಕೆಂಪಗಿದ್ದ ಹವಳ ಈಗ ಬೂದಿ ಬಳಿದಂತಿತ್ತು.

“ಏನ್ ಹಾಕಿ ತೊಳುದ್ರಮ್ಮ?”

“ಇನ್ನೇನ್ ಆಕ್ತಾರೆ? ದೇವ್ರ ದೀಪದ್ ಜೊತೆಗೆ ಉಣ್ಸೆಣ್ಣಾಕಿ ತಿಕ್ದೆ.”

ಹವಳ ಕಲ್ಲೇ ಅಲ್ಲ, ಸಮುದ್ರದ ಪುಟ್ಟ ಜೀವಿಗಳು ಕಟ್ಟಿದ ಗೂಡು, ಹುಳಿ ತಾಗಿದರೆ ಕರಗುತ್ತದೆ ಎಂದು ದೊಡ್ಡ ಪಂಡಿತನಂತೆ ಪಾಠ ಮಾಡಿದೆ.

ನಿಂಗಮ್ಮ ಪೂರ್ತಿ ಕೇಳಿಸಿಕೊಂಡು, “ಉಣ್ಸೆಣ್ಣಿಗೇ ಸೋತೋಗಿರೋದು, ಇನ್ನು ಆ ಕುಜನ್ನ ಎಂಗಪ್ಪ ತಡೀತದೆ?” ಎಂದರು.

ಹವಳ ಕೊಳ್ಳಲು ಕೂತಿದ್ದ ಇನ್ನಿಬ್ಬರು ಮೆಲ್ಲಗೆ ಎದ್ದು ಚಪ್ಪಲಿ ಮೆಟ್ಟಿದರು.

ನಾಳೆಯಿಂದ ಯಾರೇ ಕೇಳಲಿ, ಹವಳ ಕಲ್ಲೇ.