ಬನ್ನಿಯ ಸಂಜೆ ಮೊಂಡಾದ ಚಾಕುಗಳು

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಮ್ಮ ಮನೆಯಲ್ಲಿ ಇದ್ದಷ್ಟು ಚಾಕುಗಳು ಯಾವ ಕಸಾಯಿ ಅಂಗಡಿಯಲ್ಲೂ ಇರಲಿಕ್ಕಿಲ್ಲ. ನಾವೋ ಲಿಂಗ ಕಟ್ಟಿಕೊಂಡ ಜನ. ಕಾಯಿಪಲ್ಯ ಹೆಚ್ಚಲು ಒಂದು ಈಳಿಗೆ, ಒಂದು ಚಾಕು ಇದ್ದರೆ ನಮ್ಮ ಸಂಸಾರ ಸಾಗುತ್ತಿತ್ತು. ಆದರೆ ನಮ್ಮ ಯಜಮಾನರು ಆ ಮಳೆಗಾಲವಿಡೀ ಹಳೆಯ ಚಾಕುಗಳ ಬೆನ್ನು ಹತ್ತಿದ್ದರು. ಭಾಲ್ಕಿ ಸಂತೆಯ ಗುಜರಿಯವನಿಂದ ಹಿಡಿ ಮುರಿದ ಒಂದಿಷ್ಟು ತಂದರು. ಔರಾದಿನ ನನ್ನ ತವರಿಗೆ ಹೋದಾಗ, ಅಡಿಗೆಮನೆಯ ಮಾಡದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ನಮ್ಮವ್ವನ ಚಾಕುವನ್ನೂ ಬಿಡಲಿಲ್ಲ. ಒಂದಂತೂ ನಿಜಕ್ಕೂ ಕಸಾಯಿಯದೇ. ಅದನ್ನು ನಮ್ಮತ್ತೆ ಹೊಸ್ತಿಲಲ್ಲೇ ತಡೆದರು. ಅರಿಷಿಣದ ನೀರಿನಲ್ಲಿ ತೊಳೆದು, ವಿಭೂತಿ ಎಳೆದು, ಆಮೇಲೆ ಒಳಗೆ ಬಿಟ್ಟುಕೊಂಡರು.

"ಇದಕ್ಕೂ ದೀಕ್ಷಾ ಕೊಟ್ಟಿ ಏನವ್ವಾ?" ಎಂದು ಯಜಮಾನರು ನಕ್ಕರು.

"ಕೊಟ್ಟೇನಿ. ನಿನಗಿಂತ ಛಲೋ ನಡಕೋತದ ಬಿಡು."

ಯಜಮಾನರು ಸಾಲೆಯಲ್ಲಿ ಡ್ರಿಲ್ ಮಾಸ್ತರರು. ರಾಜ್ಯ ಸೇರುವ ದಿನ ಊರಲ್ಲಿ ಮೆರವಣಿಗೆ ತೆಗೆಯಬೇಕೆಂದು ಹಿರಿಯರು ಕೂಡಿ ಮಾತಾಡಿದ್ದರು. ಅದರಲ್ಲಿ ಹಳೆಯ ಕಾಲದ ಕೋಟೆಯ ಸಿಪಾಯಿಗಳ ವೇಷ ಕಟ್ಟಿಸುವ ಕೆಲಸ ಇವರ ಪಾಲಿಗೆ ಬಂತು. ರಟ್ಟಿನ ಢಾಲು, ಬಿದಿರಿನ ಭರ್ಚಿ, ಹತ್ತಿಯ ಮೀಸೆ, ಎಲ್ಲ ತಯಾರಾಯಿತು. ಕೊನೆಗೆ ಮೈದಾನದಲ್ಲಿ, ಆ ಕಾಲದ ಸಿಪಾಯಿಗಳಂತೆ ಬೇವಿನ ಹಲಗೆಗೆ ಚಾಕು ಎಸೆದು ತೋರಿಸುವುದೆಂದು ಇವರೇ ಹೇಳಿ ಒಪ್ಪಿಸಿಕೊಂಡು ಬಂದರು.

ಇವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ನಮ್ಮ ಓಣಿಯಲ್ಲೇ, ನಾಲ್ಕು ಮನೆ ಆಚೆ, ಬೀಗ ರಿಪೇರಿ ಮಾಡುವ ಮುದುಕರೊಬ್ಬರು ಇದ್ದರು. ಊರೆಲ್ಲ ಅವರನ್ನು ಉಸ್ತಾದ್ ಎನ್ನುತ್ತಿತ್ತು. ಒಂದು ಕಾಲಕ್ಕೆ ಅವರು ತಾಲೀಮು, ಅಂದರೆ ಗರಡಿಮನೆ, ನಡೆಸುತ್ತಿದ್ದರು. ನಮ್ಮವರು ಹುಡುಗರಾಗಿದ್ದಾಗ ಅಲ್ಲಿಯೇ ಮಣ್ಣು ಮೆತ್ತಿಕೊಂಡು ಕುಸ್ತಿ ಕಲಿತದ್ದು, ಚಾಕು ಎಸೆಯಲು ಕಲಿತದ್ದು. ಆ ತಾಲೀಮಿನಲ್ಲಿ ಒಂದು ಕಟ್ಟು ಇತ್ತು. ಜನರ ಮುಂದೆ ಮೊದಲ ಚಾಕು ಉಸ್ತಾದರದು. ಅವರು ಎಸೆದು, ಎರಡನೆಯದನ್ನು ಶಿಷ್ಯನ ಕೈಯಲ್ಲಿ ಇಟ್ಟರೆ ಮಾತ್ರ ಶಿಷ್ಯ ಎಸೆಯಬೇಕು.

ನಿಜಾಮರ ಆಳಿಕೆ ಮುಗಿದ ವರ್ಷ ಏನೇನಾಯಿತೆಂದು ಬರೆಯಲು ನನ್ನಿಂದ ಆಗುವುದಿಲ್ಲ. ಮನೆ ಬಿಟ್ಟು ಹೋದ ಉಸ್ತಾದರ ತಮ್ಮ ತಿರುಗಿ ಬರಲಿಲ್ಲ, ಇಷ್ಟು ಹೇಳಿದರೆ ಸಾಕು. ಹತ್ಯಾರು ತಂದೊಪ್ಪಿಸಬೇಕೆಂದು ಡಂಗುರ ಸಾರಿದಾಗ ಉಸ್ತಾದರು ತಮ್ಮ ಚಾಕುಗಳನ್ನು ಹೆಂಡತಿಯ ಓಢಣಿಯಲ್ಲಿ ಗಂಟು ಕಟ್ಟಿ ತಾವೇ ಹೋಗಿ ಕೊಟ್ಟು ಬಂದರು. ತಾಲೀಮಿನ ಬಾಗಿಲಿಗೆ ಬೀಗ ಬಿತ್ತು. ಅಂದಿನಿಂದ ಅವರೂ ಎಸೆಯಲಿಲ್ಲ, ನಮ್ಮವರೂ ಎಸೆಯಲಿಲ್ಲ. ಎರಡೂ ಮನೆಯ ಹೆಂಗಸರ ಹೋಗಿಬರುವಿಕೆಯೂ ನಿಂತಿತು. ಜಗಳವೇನೂ ಇರಲಿಲ್ಲ. ಎದುರಾದರೆ ಏನು ಮಾತಾಡಬೇಕೆಂದು ನಮಗೂ ತಿಳಿಯುತ್ತಿರಲಿಲ್ಲ, ಅವರಿಗೂ ತಿಳಿಯುತ್ತಿರಲಿಲ್ಲ.

"ಅವರ ಚಾಕು ಹೋದ್ವು. ಹೊಸ ಜೋಡ ಮಾಡಿ ಕೈಯಾಗ ಇಟ್ರ ಬ್ಯಾಡ ಅಂತಾರೇನು?" ಎನ್ನುತ್ತಿದ್ದರು ನಮ್ಮವರು.

"ಹೊಸಾವು ಎಲ್ಲ್ಯಾವ್ರಿ? ಎಲ್ಲಾ ಉಳ್ಳಾಗಡ್ಡಿ ಹೆಚ್ಚಿ ಸವದಾವ."

"ಅದಕ್ಕs ತಂದೇನಿ. ಅಡಗಿಮನಿ ಚಾಕು ಕಂಡ್ರ ಯಾರೂ ಅಂಜಂಗಿಲ್ಲ. ಅವರೂ ಅಂಜಂಗಿಲ್ಲ."

ಸಾಲೆ ಬಿಟ್ಟು ಬಂದ ಮೇಲೆ ಅಂಗಳದಲ್ಲಿ ಕೆಲಸ ಸಾಗುತ್ತಿತ್ತು. ಚಾಕುಗಳನ್ನು ದೀಪದ ಗ್ಯಾಸೆಣ್ಣೆಯಲ್ಲಿ ನೆನೆಹಾಕಿ, ಹುಣಸೆಹಣ್ಣು ಮತ್ತು ಇಟ್ಟಂಗಿ ಪುಡಿಯಿಂದ ತುಕ್ಕು ತಿಕ್ಕುವುದು ನನ್ನ ಪಾಲು. ಪಾತ್ರೆ ತಿಕ್ಕುವ ಕೈಗೆ ಅದೇನು ದೊಡ್ಡದಲ್ಲ. ಕೊಳೆತ ಮರದ ಹಿಡಿ ತೆಗೆದು ಇವರು ತುದಿಯನ್ನು ಅರದಿಂದ ಉಜ್ಜಿ ಚೂಪು ಮಾಡುತ್ತಿದ್ದರು. ಅಂಚನ್ನು ಮಾತ್ರ ಕಲ್ಲಿಗೆ ತಿಕ್ಕಿ ತಿಕ್ಕಿ ಮೊಂಡು ಮಾಡುತ್ತಿದ್ದರು. ಎಸೆಯುವ ಚಾಕುವನ್ನು ಹಿಡಿಯುವುದೇ ಅಲಗಿನಲ್ಲಂತೆ. ನೆಡಲು ತುದಿ ಸಾಕು. ಅಂಚು ಹರಿತವಾಗಿದ್ದರೆ ಎಸೆಯುವವನ ಬೆರಳೇ ಹೋಗುತ್ತದೆ. ಹಿಡಿಗೆ ನಾನು ನನ್ನ ಹಳೆಯ ಇಳಕಲ್ ಸೀರೆಯ ದಡಿ ಹರಿದು ಬಿಗಿಯಾಗಿ ಸುತ್ತಿ ಮೇಣ ಸವರಿದೆ. ಸುತ್ತಿದ್ದನ್ನು ಇವರು ಬೆರಳಿನ ಮೇಲೆ ಅಡ್ಡ ಇಟ್ಟು ತೂಗಿ ನೋಡುವರು. ಯಾವ ಕಡೆಗೆ ವಾಲಿದರೂ ಬಿಚ್ಚು, ಮತ್ತೆ ಸುತ್ತು.

ಇಷ್ಟೆಲ್ಲ ಮಾಡಿದರೂ ಉಸ್ತಾದರು ಒಪ್ಪಲಿಲ್ಲ. ಇವರು ಸಂಜೆ ಅಂಗಡಿಗೆ ಹೋಗಿ ಕೂತು ಬರುತ್ತಿದ್ದರು. "ಬೀಗ ಇದ್ರ ತಗೊಂಡ ಬಾ ಬೇಟಾ. ಆ ಕೈ ಗಂಟಿನಾಗs ಕಟ್ಟಿ ಕೊಟ್ಟ ಬಂದೇನಿ," ಇಷ್ಟೇ ಅವರ ಉತ್ತರ. ಮನೆಗೆ ಬಂದು ನೋಡಿರಿ ಎಂದರೆ ತಲೆ ಎತ್ತುತ್ತಿರಲಿಲ್ಲ. ಅವರು ಬಾರದಿದ್ದರೆ ಹಲಗೆ ಸುಮ್ಮನೆ ನಿಲ್ಲುತ್ತಿತ್ತು. ಮೆರವಣಿಗೆಗೆ ಅದರಿಂದ ಕಡಿಮೆ ಬೀಳುವುದೇನೂ ಇರಲಿಲ್ಲ. ಆದರೆ ಆ ಮನುಷ್ಯ ಆ ಬೀಗಗಳ ನಡುವೆಯೇ ಮುಗಿದುಹೋಗುವರಲ್ಲ ಎಂದು ಇವರು ಅರ್ಧ ರೊಟ್ಟಿಗೇ ಊಟ ಬಿಟ್ಟು ಏಳುತ್ತಿದ್ದರು. ಪೂಜೆಗೆ ಕೂತಾಗ ನಾನು ಕೇಳಿದ್ದು ಇಷ್ಟೇ: ಶಿವನೇ, ಅವರು ನಮ್ಮ ಹೊಸ್ತಿಲು ದಾಟಲಿ, ಮುಂದಿನದು ನಿನಗೆ ಬಿಟ್ಟದ್ದು.

ಮಹಾನವಮಿ ಬಂತು. ಖಂಡೆ ಪೂಜೆಗೆ ಮನೆಯ ಕುಡಗೋಲು, ಕೊಡಲಿ, ಈಳಿಗೆ ಎಲ್ಲ ತೊಳೆದು ದೇವರ ಮುಂದೆ ಇಡುತ್ತೇವೆ. ಬನ್ನಿ ಹಂಚುವವರೆಗೆ ಅವನ್ನು ಮುಟ್ಟುವುದಿಲ್ಲ. ಹಿಂದಿನ ದಿನ ಮೈಲೂರ ಕಡೆಯ ಸಾಣೆ ಹಿಡಿಯುವವನು ಓಣಿಯಲ್ಲಿ ಕೂಗುತ್ತ ಬಂದ. ನಾನು ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ನಮ್ಮತ್ತೆ ಬುಟ್ಟಿಯಲ್ಲಿದ್ದ ಚಾಕುಗಳನ್ನು ಮುಟ್ಟಿ ನೋಡಿದರಂತೆ. ಒಂದಕ್ಕಾದರೂ ಬಾಯಿ ಇಲ್ಲ. ದೇವರ ಮುಂದೆ ಮೊಂಡ ಹತ್ಯಾರು ಇಡುವುದೇ? ಮಗ ಇಷ್ಟು ದಿನ ತಿಕ್ಕಿದರೂ ಹರಿತ ಮಾಡಲು ಬರಲಿಲ್ಲವಲ್ಲ ಎಂದು ಮರುಗಿ, ಅಷ್ಟನ್ನೂ ಹೊರಗೆ ಒಯ್ದು ಸಾಣೆ ಹಿಡಿಸಿದರು.

ನಮ್ಮವರು ಸಾಲೆಯಿಂದ ಬಂದು ಒಂದನ್ನು ಕೈಗೆ ತೆಗೆದುಕೊಂಡವರು ಹಾಗೇ ಕಟ್ಟೆಯ ಮೇಲೆ ಕುಳಿತುಬಿಟ್ಟರು.

"ಯಾಕೋ, ನೀರೂ ಕುಡೀದ ಹಿಂಗ್ಯಾಕ ಕುಂತಿ?" ಎಂದರು ಅತ್ತೆ.

"ಅವ್ವಾ, ಇವು ಕೊಯ್ಯಾವಲ್ಲ, ಹಲಗಿಗಿ ಒಗಿಯಾವು."

"ಒಗಿಯಾವಾದ್ರೂ ಹರೀತ ಇರಬಾರದೇನು?"

ಇವರು ವಿಷಯ ತಿಳಿಸಿ ಹೇಳಿದರು. ಸಿಟ್ಟಿನ ಮಾತು ಒಂದೂ ಬರಲಿಲ್ಲ. ಬಂದಿದ್ದರೆ ಅತ್ತೆಗೆ ಹಗುರವಾಗುತ್ತಿತ್ತೇನೋ. ಅವರು ಸೆರಗು ಹೊದ್ದು, ನನ್ನ ತವರಿನ ಚಾಕುವನ್ನೇ ಸೆರಗಿನಲ್ಲಿ ಸುತ್ತಿಕೊಂಡು, "ನಡಿ," ಎಂದರು ನನಗೆ.

"ಎಲ್ಲಿಗ್ರಿ ಅತ್ತಿ?"

"ಕೆಡಸಿದ್ದು ನಾನು. ತಿಳದವರನ್ನ ಕೇಳಬೇಕಲ್ಲ?"

ಅಷ್ಟು ವರ್ಷಗಳ ಮೇಲೆ ನಮ್ಮತ್ತೆ ಆ ಬೀಗದ ಅಂಗಡಿಯ ಮೆಟ್ಟಿಲು ಹತ್ತಿದರು. ಉಸ್ತಾದರು ಮಂಡಿಯ ಮೇಲೆ ಬೀಗವಿಟ್ಟುಕೊಂಡು ಕೂತಿದ್ದರು. ಅತ್ತೆ ಹೇಗಿದ್ದೀಯ ಎನ್ನಲಿಲ್ಲ, ಬಹಳ ದಿನವಾಯಿತು ಎನ್ನಲಿಲ್ಲ. ಸೆರಗು ಬಿಚ್ಚಿ, "ತಮ್ಮಾ, ಇದನ್ನ ನೋಡು," ಎಂದು ಚಾಕು ಚಾಚಿದರು. ಉಸ್ತಾದರು ಯೋಚಿಸುವ ಮೊದಲೇ ಅವರ ಕೈ ಅದನ್ನು ತೆಗೆದುಕೊಂಡಿತು. ಬೆರಳ ಮೇಲೆ ಅಡ್ಡ ಇಟ್ಟರು. ತೂಕ ಸರಿಯಾಗಿ ನಿಂತಿತು. ಹುಬ್ಬು ಏರಿತು. ಆಮೇಲೆ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ರಕ್ತದ ಒಂದು ಹನಿ ಮೂಡಿತು.

"ಯಾ ಅಲ್ಲಾ! ಇದೇನ ಮಾಡೀರಿ ಅಕ್ಕಾ? ಇದನ್ನ ಒಗದ್ರ ಚಾಕು ಇಲ್ಲೇ ಉಳೀತದ, ಬೆರಳು ಹಲಗಿಗಿ ಹೋಗಿ ನಡ್ತಾವ!"

"ಹಂಗಾದ್ರ ಸರಿ ಮಾಡಿ ಕೊಡು."

"ಎಲ್ಲಾವೂ ಹಿಂಗs ಮಾಡೀರಿ?"

"ಎಲ್ಲಾವೂ. ಒಂದಕ್ಕ ಮಾಡಿ ಒಂದಕ್ಕ ಬಿಟ್ರ ದೇವರಿಗಿ ಛಂದ ಕಾಣ್ತದೇನು?"

ಉಸ್ತಾದರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ಅವರು ನಗುತ್ತಿದ್ದರು. ಅಂಗಡಿಯ ಹಿಂದಿನ ಮನೆಯಿಂದ ಅವರ ಹೆಂಡತಿ, ಬೀಬಿ, ಪರದೆ ಸರಿಸಿ ಇಣುಕಿದರು. ಆ ನಗೆ ಆ ಮನೆಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತೋ, ಅವರ ಮುಖ ನೋಡಿದರೇ ತಿಳಿಯುತ್ತಿತ್ತು.

"ನಾಳಿ ಬರ್ತೇನಿ," ಎಂದರು ಉಸ್ತಾದರು, ಹೆಬ್ಬೆರಳು ಬಾಯಲ್ಲಿಟ್ಟುಕೊಂಡು.

"ನಾಳಿ ದೇವರ ಮುಂದ ಇರ್ತಾವ, ಮುಟ್ಟಂಗಿಲ್ಲ. ನಾಡದು ಸಂಜಿಕಿ ಬಾ. ಬನ್ನಿ ಕೊಟ್ಟs ಚಾಕು ಕೊಡ್ತೇನಿ."

ಹರಿತವಾದ ಆ ಚಾಕುಗಳು ಹಾಗೆಯೇ ಕುಂಕುಮ, ಚೆಂಡುಹೂವು ಹೊತ್ತು ಪೂಜೆ ಪಡೆದವು. ದಶಮಿಯ ಸಂಜೆ ಉಸ್ತಾದರು ತಮ್ಮ ಕಲ್ಲನ್ನು ಅರಿವೆಯಲ್ಲಿ ಸುತ್ತಿಕೊಂಡು ಬಂದರು. ಹೊಸ್ತಿಲ ಹೊರಗೆ ಒಂದು ಕ್ಷಣ ನಿಂತು, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಹಿತ್ತಿಲ ಬಾಗಿಲಲ್ಲಿ ನಿಂತು ನಾನು ಶಿವನಿಗೆ ಕೈ ಮುಗಿದೆ. ಅತ್ತೆ ಬನ್ನಿಯ ಎಲೆಗಳನ್ನು ಅವರ ಅಂಗೈಯಲ್ಲಿಟ್ಟು, "ತಗೋ ತಮ್ಮಾ, ಬಂಗಾರದಂಗ ಇರೂಣು," ಎಂದರು. ಅವರು ಅರ್ಧ ಎಲೆಗಳನ್ನು ತಿರುಗಿ ಅತ್ತೆಯ ಕೈಗೇ ಕೊಟ್ಟರು. ಆಮೇಲೆ ಅಂಗಳದಲ್ಲಿ ಕೂತು, ಒಂದೊಂದೇ ಚಾಕುವಿನ ಬಾಯಿ ಕಲ್ಲಿಗೆ ಹಚ್ಚಿ ಕೆಡಿಸತೊಡಗಿದರು. ನಮ್ಮವರು ಎದುರು ಕೂತು ನೀರು ಹನಿಸಿದರು.

"ಈ ಹಿಡಿ ಯಾರು ಸುತ್ಯಾರ?" ಎಂದು ಉಸ್ತಾದರು ಒಮ್ಮೆ ಕೇಳಿದರು.

"ಇಕಿನs ಉಸ್ತಾದ್."

"ನೀ ಸುತ್ತಿದ್ರ ಇಷ್ಟೊತ್ತಿಗಿ ಬಿಚ್ಚಿ ಹೋಗ್ತಿತ್ತು."

ಇಡೀ ವಾರ ಹೀಗೆ ಬಂದರು. ಆದರೆ ಎಸೆಯುವ ಮಾತು ತೆಗೆದರೆ ಸಾಕು, ಕಲ್ಲಿನ ಸದ್ದು ಜೋರಾಗುತ್ತಿತ್ತು. ಚಾಕು ಸರಿ ಮಾಡುವುದು ಬೇರೆ, ಊರ ಮುಂದೆ ನಿಲ್ಲುವುದು ಬೇರೆ.

ರಾಜ್ಯ ಸೇರುವ ದಿನ ದೀಪಾವಳಿಯೂ ಕೂಡಿ ಬಂದಿತ್ತು. ಎಣ್ಣೆ ನೀರು ಹಾಕಿಕೊಂಡು, ಹೋಳಿಗೆ ಮಾಡಿಟ್ಟು ಮೈದಾನಕ್ಕೆ ಹೋದೆವು. ಹತ್ತಿಯ ಮೀಸೆಯ ಸಿಪಾಯಿಗಳು ಬೆವರು ಒರೆಸಿಕೊಂಡು ಮೀಸೆಯನ್ನೂ ಒರೆಸಿಕೊಂಡಿದ್ದರು. ಹಲಗೆ ನೆಟ್ಟಿದ್ದರು. ನಮ್ಮವರು ಚಾಕುಗಳ ತಟ್ಟೆ ಹಿಡಿದು ಅದರ ಎದುರು ನಿಂತಿದ್ದರು, ಎಸೆಯಲಿಲ್ಲ. ಜನ ಗೊಣಗತೊಡಗಿದರು. ಅಷ್ಟರಲ್ಲಿ ಹೆಂಗಸರ ಗುಂಪಿನಲ್ಲಿ ನನ್ನ ಪಕ್ಕಕ್ಕೆ ಬುರ್ಖಾದಲ್ಲಿ ಬೀಬಿ ಬಂದು ನಿಂತು ನನ್ನ ಕೈ ಹಿಡಿದುಕೊಂಡರು. "ಶೇರವಾನಿ ಹಾಕ್ಕೊಂಡಾರ," ಎಂದಷ್ಟೇ ಅಂದರು.

ಉಸ್ತಾದರು ಜನರ ನಡುವಿನಿಂದ ನಡೆದು ಬಂದರು. ಜನ ಸರಿದು ದಾರಿ ಬಿಟ್ಟರು. ತಟ್ಟೆಯಿಂದ ನನ್ನ ತವರಿನ ಚಾಕುವನ್ನೇ ಆರಿಸಿ, ಅಲಗು ಹಿಡಿದು, ಕೈ ಎತ್ತಿ ಎಸೆದರು.

ಅದು ಹಿಡಿಯ ಕಡೆಯಿಂದ ಬಡಿದು ಟಕ್ಕೆಂದು ನೆಲಕ್ಕೆ ಬಿತ್ತು.

ಉಸ್ತಾದರು ತಮ್ಮ ಕೈಯನ್ನೇ ನೋಡುತ್ತಿದ್ದರು. ಬೀಬಿಯ ಉಗುರು ನನ್ನ ಅಂಗೈಯಲ್ಲಿ ಇಳಿಯಿತು. ಉಸ್ತಾದರು ತಿರುಗಿ ಹೊರಟೇಬಿಡುತ್ತಾರೆ ಎಂದುಕೊಂಡೆ. ಆಗ ನಮ್ಮತ್ತೆ ಗುಂಪಿನಿಂದ ಒಂದು ಹೆಜ್ಜೆ ಮುಂದೆ ಹೋಗಿ, ಹೊಲದಲ್ಲಿ ಆಳು ಕರೆಯುವ ದನಿಯಲ್ಲಿ ಕೂಗಿದರು:

"ಇನ್ನೊಮ್ಮಿ ಒಗಿ ತಮ್ಮಾ! ಅದು ಔರಾದ ಚಾಕು, ನಮ್ಮ ಸೊಸಿಹಂಗs ಅದ, ಒಮ್ಮಿ ಹೇಳಿದ್ರ ಕೇಳಂಗಿಲ್ಲ!"

ಮೊದಲು ನಕ್ಕವರು ಉಸ್ತಾದರೇ. ಆಮೇಲೆ ಇಡೀ ಮೈದಾನ ನಕ್ಕಿತು, ನಾಚಿಕೆಯಲ್ಲಿ ಮುಳುಗಿದ ನಾನೂ ನಕ್ಕೆ. ನಮ್ಮವರು ಓಡಿಹೋಗಿ ಚಾಕು ಎತ್ತಿ ತಂದು ಎರಡೂ ಕೈಯಿಂದ ಕೊಟ್ಟರು. ಉಸ್ತಾದರು ಅರ್ಧ ಹೆಜ್ಜೆ ಹಿಂದೆ ಸರಿದು, ಎಡಗಾಲು ಊರಿ, ಮತ್ತೆ ಎಸೆದರು. ಈ ಸಲ ಸದ್ದು ಬೇರೆಯೇ ಬಂತು. ನನ್ನ ಸೀರೆಯ ದಡಿ ಹಲಗೆಯ ನಡುವೆ ನಡುಗುತ್ತ ನಿಂತಿತ್ತು. ಅವರು ತಟ್ಟೆಯಿಂದ ಇನ್ನೊಂದು ಚಾಕು ತೆಗೆದು ನಮ್ಮವರ ಅಂಗೈಯಲ್ಲಿ ಇಟ್ಟರು.

ಯಾರ ಬೆರಳಿಗೂ ಗಾಯವಾಗಲಿಲ್ಲ. ಅದಕ್ಕೂ ಒಂದು ದೀಪ ಹೆಚ್ಚಿಗೆ ಹಚ್ಚಿದೆ. ಸಂಜೆ ಬೀಬಿ ನಮ್ಮ ಮನೆಯಲ್ಲೇ ಕೂತು ಹೋಳಿಗೆ ತಿಂದರು, ಗಂಡನಿಗೂ ಕಟ್ಟಿಸಿಕೊಂಡು ಹೋದರು.

ತವರಿನ ಆ ಚಾಕು ಮಾತ್ರ ನನ್ನ ಅಡಿಗೆಮನೆಗೆ ತಿರುಗಿ ಬಂತು. ಉಸ್ತಾದರು ಬಾಯಿ ಎಷ್ಟು ಚೆನ್ನಾಗಿ ಕೆಡಿಸಿದ್ದರೆಂದರೆ ಅದರಿಂದ ಬದನೆಕಾಯಿ ಸಹ ಕೊಯ್ಯಲು ಬಾರದು. ಸಾಣೆಯವನು ಓಣಿಗೆ ಬಂದಾಗಲೆಲ್ಲ ಅತ್ತೆ ಅದನ್ನು ಎತ್ತಿ ಒಳಗೆ ಇಡುತ್ತಿದ್ದರು. ಈಗ ನಾನೂ ಹಾಗೇ ಮಾಡುತ್ತೇನೆ. ಅದರಿಂದ ಬೆಲ್ಲ ಒಡೆಯುತ್ತೇನೆ.